ಮೂಗು ಕೊಯ್ದವರು, ಅಳೆದವರು, ಕಟ್ಟಿದವರು

ಮೂಗಿಗೆ ತುಪ್ಪ ಸವರುವುದು ಅನ್ನುವ ಮಾತು ನಮ್ಮ ಹಳ್ಳಿಗಳಲ್ಲಿದೆ. ವಾಸನೆ ಮೂಗಿಗೆ ಬಡಿಯಬೇಕು, ನಾಲಿಗೆಗೆ ಮಾತ್ರ ಎಟುಕಬಾರದು. ಈ ದೇಶದ ಪುರೋಹಿತಶಾಹಿ ದುಡಿಯುವ ಜನಕ್ಕೆ ವಿಜ್ಞಾನ ಬಡಿಸಿದ್ದು ಇದೇ ರೀತಿ. 2014ರ ಅಕ್ಟೋಬರಿನಲ್ಲಿ ಮುಂಬಯಿಯ ಶ್ರೀಮಂತ ಆಸ್ಪತ್ರೆಯೊಂದರ ಸಮಾರಂಭದಲ್ಲಿ ಪ್ರಧಾನಮಂತ್ರಿಗಳು ಗಣೇಶನ ಕತೆ ಎತ್ತಿದರು. ಮನುಷ್ಯನ ಮೈಗೆ ಆನೆಯ ತಲೆ ಕೂರಿಸಿದ ಪ್ಲಾಸ್ಟಿಕ್ ಸರ್ಜನ್ ಯಾರೋ ಆ ಕಾಲದಲ್ಲೇ ಇದ್ದಿರಬೇಕು ಎಂಬ ಅರ್ಥದಲ್ಲಿ ಮಾತಾಡಿದರು.

ಗೆಳೆಯರೆ, ಆನೆಯ ತಲೆಯ ಗೊಡವೆ ನಮಗೆ ಬೇಡ. ಆನೆ ಅಂದರೆ ಏನು ಅಂತ ಆಲೂರು, ಸಕಲೇಶಪುರದ ಕೂಲಿ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಮನುಷ್ಯನ ಮೂಗಿನ ಮಾತಾಡೋಣ. ಕೊಯ್ದು ಹೋದ ಮೂಗನ್ನು ಮತ್ತೆ ಕಟ್ಟುವ ವಿದ್ಯೆ ಈ ನೆಲದಲ್ಲಿ ಇದ್ದದ್ದು ಸುಳ್ಳಲ್ಲ. ಅದನ್ನು ಯುರೋಪು ಇಲ್ಲಿಂದಲೇ ಕಲಿತದ್ದೂ ಸುಳ್ಳಲ್ಲ. ಸುಳ್ಳಿರುವುದು ಬೇರೆ ಕಡೆ. ಆ ವಿದ್ಯೆ ಯಾರ ಕೈಯಲ್ಲಿತ್ತು ಅನ್ನುವುದನ್ನು ಮುಚ್ಚಿಡುತ್ತಾರಲ್ಲ, ಅಲ್ಲಿ.

ಎಡಕುಮೇರಿಯ ಕಾಡಿಗೂ ಈ ಮೂಗಿಗೂ ಏನು ಸಂಬಂಧ ಅಂತ ಕೇಳಬಹುದು. ಕುಮೇರಿ ಅಂದರೆ ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ಬಿತ್ತುವ ಹಳೆಯ ಬೇಸಾಯ. ಆ ಬೇಸಾಯ ಮಾಡಿದವರ ಹೆಸರು ಯಾವ ಕಡತದಲ್ಲೂ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲುದಾರಿಯಲ್ಲಿ 57 ಸುರಂಗ, 109 ಸೇತುವೆ. ಬಂಡೆ ಒಡೆದವರ ಹೆಸರು ಅಲ್ಲೂ ಇಲ್ಲ. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಗುಡ್ಡ ಜಾರಿತು. ಸುರಿಯುವ ಮಳೆಯಲ್ಲಿ ನೂರಾರು ಕೂಲಿಗಳು ಹಗಲೂ ರಾತ್ರಿ ಕಲ್ಲು ತುಂಬಿ ಹಳಿಗೆ ಮತ್ತೆ ಆಸರೆ ಕೊಟ್ಟರು. ರೈಲು ಓಡಿತು. ಅವರ ಹೆಸರು ನಿಮಗೆ ಗೊತ್ತಾ? ಕುಸಿದದ್ದಕ್ಕೆ ಆಸರೆ ಕಟ್ಟುವವನು ಅನಾಮಿಕ, ರಿಬ್ಬನ್ ಕತ್ತರಿಸುವವನಿಗೆ ಫೋಟೋ. ಮೂಗಿನ ಚರಿತ್ರೆಯೂ ಇದೇ.

ಆ ಚರಿತ್ರೆಯ ಒಂದು ಮುಖ್ಯ ಪುಟ ನಮ್ಮ ಮೈಸೂರು ಸೀಮೆಯಲ್ಲೇ ಶುರುವಾಗುತ್ತದೆ. ಸಕಲೇಶಪುರದ ಪಕ್ಕದ ಗುಡ್ಡದ ಮೇಲೆ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ಇದೆ. ಟಿಪ್ಪು ಅದನ್ನು ಕಟ್ಟಿ ಮುಗಿಸಿದ್ದು 1792ರಲ್ಲಿ. ಅದೇ ವರ್ಷ ಮುಗಿದ ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಗಾಡಿ ಎತ್ತು ಹೊಡೆಯುವವನೊಬ್ಬ ಇದ್ದ. ಮರಾಠಿ ಸೀಮೆಯ ಒಕ್ಕಲ ಜಾತಿಯವನು. ಇಂಗ್ಲಿಷರು ಬರೆದಿಟ್ಟ ಹೆಸರು ಕಾವಸಜಿ. ಅವನು ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕ, ಮೂಗನ್ನೂ ಒಂದು ಕೈಯನ್ನೂ ಕೊಯ್ದು ಕಳಿಸಿದರು ಎಂದು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಅಚ್ಚು ಹಾಕಿದ ಪತ್ರವೊಂದು ಹೇಳುತ್ತದೆ.

ಇದನ್ನು ಓದಿದ ಕೂಡಲೇ ಟಿಪ್ಪುವನ್ನು ಬಯ್ಯುವವರು ಕುಣಿದಾರು. ಸ್ವಲ್ಪ ತಡೆಯಿರಿ. ಬರೆದವನು ಶತ್ರು ಪಾಳೆಯದವನು. ಅದೂ ಅಲ್ಲದೆ ಮೂಗು ಕೊಯ್ಯುವ ಪದ್ಧತಿ ಟಿಪ್ಪು ತಂದದ್ದಲ್ಲ. 1656ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಮೈಸೂರಿನ ಸೈನ್ಯ ಮಧುರೆಯ ನಾಯಕರ ಸೀಮೆಗೆ ನುಗ್ಗಿ ಸಿಕ್ಕವರ ಮೂಗು ಕೊಯ್ದಿತು. ಮಧುರೆಯವರು ತಿರುಗಿ ಬಂದು ಮೈಸೂರಿನವರ ಮೂಗು ಕೊಯ್ದರು. ಆ ಕಾಲದ ಜೆಸುಯಿಟ್ ಪಾದ್ರಿಗಳ ಪತ್ರಗಳಲ್ಲಿ ಇದರ ವಿವರ ಇದೆ. ಅರಸ ಯಾವ ದೇವರಿಗೆ ಕೈ ಮುಗಿದರೂ ಮೂಗು ಹೋದದ್ದು ಎತ್ತು ಹೊಡೆಯುವವನದು, ಹೊಲ ಉಳುವವನದು, ಅವರ ಹೆಂಗಸರದು. ಇವತ್ತು ಟಿಪ್ಪು ಜಯಂತಿ ಬೇಕು, ಬೇಡ ಅಂತ ಕಿತ್ತಾಡುವ ಎರಡು ಗುಂಪಿಗೂ ಆ ಎತ್ತು ಹೊಡೆಯುವವನ ನೆನಪಿಲ್ಲ.

ಮೈ ಕೊಯ್ಯುವುದನ್ನು ಧರ್ಮ ಅಂತ ಬರೆದಿಟ್ಟ ನಾಡು ಇದು. ಮನುಸ್ಮೃತಿಯ 8ನೆಯ ಅಧ್ಯಾಯ ತೆರೆದು ನೋಡಿ. ಕೀಳುಜಾತಿಯವನು ಮೇಲುಜಾತಿಯವನ ಮೇಲೆ ಕೈ ಎತ್ತಿದರೆ ಕೈ ಕಡಿ, ಕಾಲು ಎತ್ತಿದರೆ ಕಾಲು ಕಡಿ, ಉಗುಳಿದರೆ ಎರಡು ತುಟಿ ಕೊಯ್ಯಿ. ರಾಮಾಯಣದಲ್ಲಿ ಕಾಡಿನ ಹೆಣ್ಣು ಬಾಯಿಬಿಟ್ಟು ತನ್ನ ಆಸೆ ಹೇಳಿಕೊಂಡದ್ದಕ್ಕೆ ಮೂಗು ಹೋಯಿತು. ಅದು ಪುರಾಣ, ಬಿಡಿ ಅನ್ನುವವರಿಗೆ ಒಂದು ಮಾತು. 2017ರ ನವೆಂಬರಿನಲ್ಲಿ ಸಿನಿಮಾ ಒಂದರ ಗಲಾಟೆಯಲ್ಲಿ ಕರ್ಣಿ ಸೇನೆಯ ಮುಖಂಡನೊಬ್ಬ ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆಗೆ ಶೂರ್ಪನಖಿಯ ಗತಿ ನೆನಪಿಸಿ, ಮೂಗು ಕೊಯ್ಯುವ ಬೆದರಿಕೆ ಹಾಕಿದ. ಹೆಸರು, ಹಣ, ಪೊಲೀಸ್ ಕಾವಲು ಎಲ್ಲ ಇದ್ದ ಹೆಣ್ಣಿಗೇ ಈ ಮಾತು. ಏನೂ ಇಲ್ಲದವಳ ಪಾಡು ಏನು?

ಇನ್ನು ಕಟ್ಟಿದವನ ವಿಷಯಕ್ಕೆ ಬನ್ನಿ. ಕಾವಸಜಿ ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಒಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಇಬ್ಬರು ಬಿಳಿ ವೈದ್ಯರು ಕಣ್ಣಾರೆ ಕಂಡರು. ಪತ್ರ ಹೇಳುವ ಕೆಲಸದ ಬಗೆ ಇದು: ಮೊದಲು ಮೇಣದ ತೆಳು ಹಾಳೆಯನ್ನು ಮೊಂಡಾದ ಮೂಗಿನ ಮೇಲಿಟ್ಟು ಮೂಗಿನ ಅಚ್ಚು ಮಾಡಿದ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯೊಳಗಿನ ಚರ್ಮವನ್ನು ಬಿಡಿಸಿದ, ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕೊಯ್ಯದೆ ಉಳಿಸಿದ. ಹೊಸ ಮೂಗಿಗೆ ರಕ್ತ ಹರಿಯುವುದು ಆ ಪಟ್ಟಿಯಿಂದಲೇ. ಮೊಂಡು ಮೂಗಿನ ಹಳೆಯ ಗಾಯ ಕೆರೆದು, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗೆ ತಂದು, ಅಂಚನ್ನು ಗಾಯದ ಸೀಳಿನೊಳಗೆ ಸೇರಿಸಿದ. ಕಾಚು ನೆನೆಸಿ ಬಟ್ಟೆಯ ಪಟ್ಟಿಗಳಿಗೆ ಬಳಿದು ಐದಾರು ಪದರ ಅಂಟಿಸಿದ. ನಾಲ್ಕು ದಿನ ಮುಟ್ಟಲಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ ಇಟ್ಟ. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಿರಲಿ ಅಂತ ಮೆತ್ತನೆ ಬಟ್ಟೆ ತುರುಕಿದ. 25ನೆಯ ದಿನದ ಸುಮಾರಿಗೆ, ಮೂಗು ಕಚ್ಚಿಕೊಂಡ ಮೇಲೆ, ಕಣ್ಣ ನಡುವಿನ ಪಟ್ಟಿಯನ್ನು ಕತ್ತರಿಸಿದ.

ಈ ಒಬ್ಬ ಮಾತ್ರ ಮೂಗಿಗೆ ನಿಜವಾದ ತುಪ್ಪ ಸವರಿದ. ಅವನು ಯಾರು? ಪತ್ರದಲ್ಲಿ ರೋಗಿಗೆ ಹೆಸರಿದೆ, ವೈದ್ಯನಿಗೆ ಹೆಸರಿಲ್ಲ. ಇರುವುದು ಜಾತಿ ಮಾತ್ರ: ಇಟ್ಟಿಗೆ ಸುಡುವವನು. ಕೊಳೆ ಕೈ, ಮಣ್ಣು ಕೈ, ಅಕ್ಷರದ ಹಕ್ಕಿಲ್ಲದ ಕೈ. ಅವನು ಅಸ್ಪೃಶ್ಯನಾಗಿದ್ದ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ನಾವೂ ಪುರಾಣ ಹೊಸೆದಂತೆ. ಆದರೆ ವೇದ ಕಿವಿಗೆ ಬೀಳಬಾರದಿದ್ದ ಜಾತಿಯವನು ಅನ್ನುವುದರಲ್ಲಿ ಅನುಮಾನ ಇಲ್ಲ. ಆ ಪತ್ರ ಓದಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಜೀವಂತ ಮನುಷ್ಯನಿಗೆ ಮೂಗು ಕಟ್ಟಿ, 1816ರಲ್ಲಿ ಪುಸ್ತಕ ಬರೆದ. ಯುರೋಪಿನ ಪ್ಲಾಸ್ಟಿಕ್ ಸರ್ಜರಿ ಮತ್ತೆ ಚಿಗುರಿದ್ದು ಆ ಕಾಲದಲ್ಲಿ.

ಈಗ ಪಂಡಿತರು ಬರುತ್ತಾರೆ. ಅದೆಲ್ಲ ಸುಶ್ರುತನದು ಕಣ್ರೀ ಅನ್ನುತ್ತಾರೆ. ಸುಶ್ರುತ ದೊಡ್ಡವನು, ಒಪ್ಪೋಣ. ಎಲೆಯ ಅಳತೆ ಇಟ್ಟು ಕೆನ್ನೆಯ ಚರ್ಮದಿಂದ ಮೂಗು ಕಟ್ಟುವುದನ್ನು ಅವನ ಸಂಹಿತೆ ಹೇಳುತ್ತದೆ. ಹಣೆಯ ಚರ್ಮದ ದಾರಿ ಅಲ್ಲಿಲ್ಲ. ಕೆನ್ನೆಯಿಂದ ಹಣೆಗೆ ಏರಿದ್ದು, ರಕ್ತದ ದಾರಿ ಎಲ್ಲಿದೆ ಅಂತ ಕೈಯಲ್ಲೇ ಕಂಡುಕೊಂಡದ್ದು, ಕಾಚು ಮತ್ತು ತುಪ್ಪದ ಪಟ್ಟಿ ಕಟ್ಟಿದ್ದು ಯಾವ ಶಾಸ್ತ್ರವೂ ಅಲ್ಲ, ಕಸುಬು. ಸುಶ್ರುತನನ್ನು ಹೊತ್ತು ಮೆರೆಸುವವರು ಇನ್ನೊಂದಕ್ಕೂ ಉತ್ತರ ಕೊಡಲಿ. ವೈದ್ಯನ ಮನೆಯ ಅನ್ನ ಕೀವಿಗೆ ಸಮ ಅಂತ ಮನುಸ್ಮೃತಿಯ 4ನೆಯ ಅಧ್ಯಾಯ ಬರೆದದ್ದು ಯಾಕೆ? ವೈದ್ಯನನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟದ್ದು ಯಾಕೆ? ರಕ್ತ, ಕೀವು, ಹೆಣ ಮುಟ್ಟುವ ವಿದ್ಯೆಯನ್ನು ಮೈಲಿಗೆ ಅಂತ ದೂಡಿದ್ದರಿಂದಲೇ ಶಸ್ತ್ರವೈದ್ಯ ಕೆಳಜಾತಿಯ ಕೈಗೆ ಬಂತು, ತಲೆಗೂ ಕೈಗೂ ಸಂಬಂಧ ಕಡಿದು ವಿಜ್ಞಾನ ಬತ್ತಿತು ಅಂತ ಬಂಗಾಳದ ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ 1909ರಲ್ಲೇ ಬರೆದರು. ದೂಡುವಾಗ ನಮ್ಮ ಕಡೆ ದೂಡಿದರು. ಲಂಡನ್ನಿನಲ್ಲಿ ಹೆಸರು ಬಂದ ಮೇಲೆ ನಮ್ಮ ಪೂರ್ವಜರದು ಅಂತ ಓಡಿ ಬಂದರು.

ಮೂಗು ಕೊಯ್ದದ್ದು ಸಾಲದು ಅಂತ ಆಮೇಲೆ ಅಳೆಯುವವರು ಬಂದರು. 1901ರ ಜನಗಣತಿಯ ಆಯುಕ್ತನಾಗಿದ್ದ ಹರ್ಬರ್ಟ್ ರಿಸ್ಲೆ ಮೂಗಿನ ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಿದ. 70ಕ್ಕಿಂತ ಕಡಿಮೆ ಬಂದರೆ ಸಣ್ಣ ಮೂಗು, 85 ದಾಟಿದರೆ ಅಗಲ ಮೂಗು. ಮೂಗು ಅಗಲವಾದಷ್ಟೂ ಜಾತಿ ಕೀಳು ಅಂತ ಸಿದ್ಧಾಂತ ಮಾಡಿದ. ಮದ್ರಾಸಿನ ವಸ್ತು ಸಂಗ್ರಹಾಲಯದ ಥರ್ಸ್ಟನ್ ಅಳತೆಯ ಸಾಮಾನು ಹಿಡಿದು ದಕ್ಷಿಣದ ಜನರ ತಲೆ, ಮೂಗು ಅಳೆಯುತ್ತ ಹೊರಟ. ಲೆಕ್ಕ ಹಾಕಿ ನೋಡಿ. ಐದು ಸೆಂಟಿಮೀಟರ್ ಉದ್ದದ ಮೂಗಿನಲ್ಲಿ 70ಕ್ಕೂ 85ಕ್ಕೂ ಇರುವ ವ್ಯತ್ಯಾಸ ಏಳೂವರೆ ಮಿಲಿಮೀಟರ್. ಒಂದು ಕಡಲೆಕಾಳು! ಒಂದು ಕಡಲೆಕಾಳಿನಷ್ಟು ಜಾಗದಲ್ಲಿ ಇಡೀ ವರ್ಣವ್ಯವಸ್ಥೆಯನ್ನು ಕೂರಿಸಿದರು.

ಬಾಬಾಸಾಹೇಬ ಅಂಬೇಡ್ಕರರು 1948ರ ತಮ್ಮ ಅಸ್ಪೃಶ್ಯರನ್ನು ಕುರಿತ ಪುಸ್ತಕದಲ್ಲಿ ಇದೇ ಮೂಗಿನ ಅಳತೆಗಳನ್ನು ಎತ್ತಿಕೊಂಡು ಅವರದೇ ಬೆತ್ತದಿಂದ ಅವರಿಗೇ ಹೊಡೆದರು. ಒಂದೊಂದು ಪ್ರಾಂತ್ಯದ ಬ್ರಾಹ್ಮಣನ ಮೂಗನ್ನೂ ಅಸ್ಪೃಶ್ಯನ ಮೂಗನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬ್ರಾಹ್ಮಣ ಆರ್ಯನಾದರೆ ಅಸ್ಪೃಶ್ಯನೂ ಆರ್ಯ, ಅವನು ದ್ರಾವಿಡನಾದರೆ ಇವನೂ ದ್ರಾವಿಡ ಎಂದು ತೋರಿಸಿದರು. ಜಾತಿ ಮೂಗಿನಲ್ಲಿಲ್ಲ. ಹೊಳ್ಳೆಯ ಅಗಲಕ್ಕೂ ಹವೆಗೂ ನಂಟಿದೆ, ಬಿಸಿ ಮತ್ತು ತೇವದ ನಾಡುಗಳ ಜನರಲ್ಲಿ ಅದು ಅಗಲ ಅಂತ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇದರಲ್ಲಿ ನಾಚಿಕೆ ಪಡುವುದು ಏನಿದೆ?

ಆದರೂ ರಿಸ್ಲೆ ಸತ್ತಿಲ್ಲ. ಮೂಗನ್ನು ಸಣ್ಣ, ನಡು, ಅಗಲ ಅಂತ ವಿಂಗಡಿಸುವ ಆ ಕಾಲದ ಗ್ರೀಕ್ ಹೆಸರುಗಳೇ ಇವತ್ತಿನ ಪ್ಲಾಸ್ಟಿಕ್ ಸರ್ಜರಿಯ ಪುಸ್ತಕಗಳಲ್ಲೂ ಇವೆ: ಲೆಪ್ಟೊರೈನ್, ಮೀಸೊರೈನ್, ಪ್ಲಾಟಿರೈನ್. ನಗರದ ಜಾಹೀರಾತು ಅಗಲ ಮೂಗನ್ನು 'ಸರಿಪಡಿಸುತ್ತೇವೆ' ಅನ್ನುತ್ತದೆ. ಸರಿ ಅಂದರೆ ಯಾರ ಮೂಗು? ನಮ್ಮ ಕಾವ್ಯದ ಸಂಪಿಗೆ ಮೂಗು ಯಾರ ಹೆಣ್ಣಿನದು? ಗದ್ದೆಯಲ್ಲಿ ನಾಟಿ ಮಾಡುವವಳನ್ನು ನೋಡಿ ಬರೆದದ್ದಂತೂ ಅಲ್ಲ. ಹಾಗಂತ ಮೂಗು ಬದಲಿಸಿಕೊಂಡ ಹುಡುಗಿಯನ್ನು ಬಯ್ಯಬೇಡಿ. ಮೊಂಡುಮೂಗಿ ಅಂತ ಶಾಲೆಯಲ್ಲಿ ಕರೆಸಿಕೊಂಡು, ವರ ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ಕೂತವಳು ಅವಳು. ಬರ್ಲಿನ್ನಿನ ಜಾಕ್ ಜೋಸೆಫ್ ಅನ್ನುವ ಯಹೂದಿ ವೈದ್ಯ 1898ರಿಂದ ಮೂಗು ಚಿಕ್ಕದು ಮಾಡುತ್ತಿದ್ದ. ಯಹೂದಿ ಮೂಗು ಅಂತ ಬೀದಿಯಲ್ಲಿ ಹಂಗಿಸಿಕೊಂಡವರು ಅವನ ಹತ್ತಿರ ಬರುತ್ತಿದ್ದರು. ಮೂಗು ಬದಲಾಯಿತು, ಹಂಗಿಸುವವರು ಬದಲಾಗಲಿಲ್ಲ. ಜರ್ಮನಿಯಲ್ಲಿ ಮುಂದೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಕತ್ತರಿ ಹಾಕಬೇಕಾದದ್ದು ಹಂಗಿಸುವ ಕಣ್ಣಿಗೆ.

ಹಾಗಾದರೆ ಈ ವಿದ್ಯೆಯೇ ಬೇಡವೆ? ಬೇಕು. ನಮಗೇ ಮೊದಲು ಬೇಕು. ಅದು ಏನು ಅಂತ ತಿಳಿಯದೆ ಕೇಳುವುದು ಹೇಗೆ? ನಿಮ್ಮ ಮೂಗನ್ನು ಹಿಡಿದು ನೋಡಿ. ಮೇಲಿನ ಮೂರನೇ ಒಂದು ಪಾಲು ಗಟ್ಟಿ ಮೂಳೆ. ಕೆಳಗಿನದು ಬಾಗುತ್ತೆ. ಅದು ಮೃದ್ವಸ್ಥಿ, ಮೆದುಮೂಳೆ. ಬಾಡೂಟದಲ್ಲಿ ಪಕ್ಕೆಲುಬಿನ ತುದಿ ಹಲ್ಲಿಗೆ ಸಿಕ್ಕಾಗ ಕುರುಂ ಅನ್ನುತ್ತಲ್ಲ, ಅದೇ. ಅದಕ್ಕೆ ತನ್ನದೇ ರಕ್ತನಾಳ ಇಲ್ಲ. ಸುತ್ತಲಿನ ಪಸೆಯಿಂದಲೇ ಜೀವ ಹಿಡಿಯುತ್ತೆ. ಆದ್ದರಿಂದಲೇ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಟ್ಟರೂ ಬದುಕುತ್ತೆ.

ಅದನ್ನು ತೆಗೆಯುವ ಜಾಗ ಮೂರು. ಒಂದು, ಎರಡು ಹೊಳ್ಳೆಗಳ ನಡುವಿನ ಗೋಡೆ. ಅಲ್ಲಿ ಮೇಲೂ ಮುಂದೂ ಕನಿಷ್ಠ ಒಂದು ಸೆಂಟಿಮೀಟರ್ ಪಟ್ಟಿ ಬಿಟ್ಟೇ ತೆಗೆಯಬೇಕು, ಇಲ್ಲದಿದ್ದರೆ ಮೂಗು ಕುಸಿಯುತ್ತೆ. ಎರಡು, ಕಿವಿಯ ಬಟ್ಟಲು. ಅದು ಮೊದಲೇ ಬಾಗಿರುವುದರಿಂದ ಹೊಳ್ಳೆಗೆ ಒಪ್ಪುತ್ತೆ. ಮೂರು, ಪಕ್ಕೆಲುಬು. ಅಲ್ಲಿ ಬೇಕಾದಷ್ಟು ಸಿಗುತ್ತೆ, ಆದರೆ ಕೆತ್ತಿಟ್ಟ ಮೇಲೆ ಹಸಿ ಹಲಗೆಯ ಹಾಗೆ ಬಾಗುತ್ತೆ. ಎರಡೂ ಬದಿಯಿಂದ ಸಮವಾಗಿ ಕೆತ್ತಿ ತಿರುಳು ಉಳಿಸಿಕೊಂಡರೆ ಬಾಗುವುದು ಕಡಿಮೆ ಅಂತ 1958ರಲ್ಲಿ ಗಿಬ್ಸನ್, ಡೇವಿಸ್ ಅನ್ನುವ ಇಬ್ಬರು ತೋರಿಸಿದರು. ನಮ್ಮ ಬಡಗಿಗೆ ಹೇಳಿದರೆ ನಕ್ಕಾನು, ಇಷ್ಟೂ ಗೊತ್ತಿರಲಿಲ್ವ ಅಂತ. ಕೆಲವರು ಅದನ್ನು ಸಣ್ಣಗೆ ಹೆಚ್ಚಿ, ಸ್ನಾಯುವಿನ ಮೇಲಿನ ತೆಳು ಪೊರೆಯಲ್ಲಿ ಸುತ್ತಿ ಮೂಗಿನ ಏಣಿಗೆ ಇಡುತ್ತಾರೆ. ನಡುಗೋಡೆಯ ಪಕ್ಕಕ್ಕೆ ಮೆದುಮೂಳೆಯ ಕಡ್ಡಿ ಸಿಕ್ಕಿಸಿ ಉಸಿರಿನ ದಾರಿ ಅಗಲ ಮಾಡುವುದನ್ನು ಅಮೆರಿಕದ ಜ್ಯಾಕ್ ಶೀನ್ 1984ರಲ್ಲಿ ಬರೆದ. ಅಂದರೆ ಇದು ಬರೀ ಚೆಂದದ ಮಾತಲ್ಲ, ಉಸಿರಿನ ಮಾತು.

ಬರೀ ಚರ್ಮದ ಮೂಗು ದಿನ ಹೋದಂತೆ ಮುದುರುತ್ತೆ, ಇಟ್ಟಿಗೆಯವನ ಕೆಲಸದ ಮಿತಿ ಅದು. ಇವತ್ತು ಪೂರ್ತಿ ಹೋದ ಮೂಗನ್ನು ಕಟ್ಟುವವರು ಒಳಗೆ ಪೊರೆ, ನಡುವೆ ಮೆದುಮೂಳೆಯ ಚೌಕಟ್ಟು ಇಡುತ್ತಾರೆ. ಮೇಲಿನ ಹೊದಿಕೆಗೆ ಮಾತ್ರ ಇವತ್ತಿಗೂ ಹಣೆಯ ಚರ್ಮವೇ ಬೇಕು. ಹುಬ್ಬಿನ ಹತ್ತಿರ ಅದೇ ಪಟ್ಟಿ ಬಿಡಬೇಕು, ಸುಮಾರು ಮೂರು ವಾರ ಕಾಯಬೇಕು. ಇನ್ನೂರು ಮೂವತ್ತು ವರ್ಷದ ಹಿಂದೆ ಅವನು ಕಾದದ್ದೂ ಹೆಚ್ಚುಕಡಿಮೆ ಅಷ್ಟೇ ದಿನ.

ಇದು ಯಾರಿಗೆ ಬೇಕು? ಕುಷ್ಠದ ರೋಗಾಣು ಮೈಯ ತಂಪು ಜಾಗ ಹುಡುಕುತ್ತೆ, ಮೂಗಿನ ನಡುಗೋಡೆ ತಿನ್ನುತ್ತೆ, ಮೂಗು ಕುಸಿಯುತ್ತೆ. ಮದ್ದಿನಿಂದ ರೋಗ ಪೂರ್ತಿ ಹೋದರೂ ಮುಖ ನೋಡಿ ಊರು ಹತ್ತಿರ ಬಿಡುವುದಿಲ್ಲ. ಬ್ರಿಟನ್ನಿನಲ್ಲಿ ಗಿಲ್ಲೀಸ್ ಬಳಿ ಕಲಿತು ಬಂದ ಡಾಕ್ಟರ್ ಆಂಟಿಯಾ 1950ರ ದಶಕದಲ್ಲಿ ಅದೇ ಪುಣೆಯ ಹತ್ತಿರದ ಕೊಂಢ್ವಾದಲ್ಲಿ ಇಂಥ ರೋಗಿಗಳ ಮುಖ, ಕೈ ರಿಪೇರಿ ಮಾಡಿದರು. ಸೀಳುತುಟಿಯೊಂದಿಗೆ ಹುಟ್ಟಿದ ಮಗುವಿನ ಮೂಗೂ ವಾಲಿರುತ್ತದೆ. ತುಟಿ ಹೊಲಿದು ಕೈ ತೊಳೆದುಕೊಂಡರೆ ಆಗಲಿಲ್ಲ, ಬೆಳೆದ ಮೇಲೆ ಮೂಗಿಗೆ ಆಸರೆ ಬೇಕು. ತುಮಕೂರು, ಬಳ್ಳಾರಿ, ಕೊಪ್ಪಳದ ಕಡೆ ಕರಡಿ ಮೊದಲು ಕೈ ಹಾಕುವುದು ಕುರಿ ಕಾಯುವವನ ಮುಖಕ್ಕೆ. ಆಸಿಡ್ ಬಿದ್ದ ಹೆಣ್ಣುಮಗಳಿಗೆ ಮುಖ ಕಟ್ಟುವ ಶಸ್ತ್ರಚಿಕಿತ್ಸೆಯೂ ಸೇರಿ ಪೂರ್ತಿ ಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆಯೂ ಪುಕ್ಕಟೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. ಎಷ್ಟು ಮೇಷ್ಟ್ರಿಗೆ ಇದು ಗೊತ್ತು?

ಇನ್ನೊಂದು ಅನ್ಯಾಯ ನೋಡಿ. ಪ್ಲಾಸ್ಟಿಕ್ ಸರ್ಜರಿ ಸೂಪರ್ ಸ್ಪೆಷಾಲಿಟಿ ಪದವಿ. ಆ ಹಂತದಲ್ಲಿ ಜಾತಿ ಮೀಸಲಾತಿ ಬೇಡ ಅಂತ 1992ರ ಮಂಡಲ್ ತೀರ್ಪಿನಲ್ಲಿ ಮಾತು ಬಂತು, 1999ರ ಪ್ರೀತಿ ಶ್ರೀವಾಸ್ತವ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿ ಮಾಡಿತು. ಅರ್ಹತೆ ಕೆಡುತ್ತದಂತೆ! ಜಗತ್ತಿಗೆ ಮೂಗು ಕಟ್ಟುವುದನ್ನು ತೋರಿಸಿದ ಇಟ್ಟಿಗೆಯವನ ಮೊಮ್ಮಗ ಇವತ್ತು ಬಂದರೆ, ಅವನ ತಾತನದೇ ವಿದ್ಯೆಯ ಬಾಗಿಲಲ್ಲಿ ಅವನ ಅರ್ಹತೆ ಕೇಳುತ್ತಾರೆ.

ಆದ್ದರಿಂದ ಕೆಲಸಕ್ಕೆ ಇಳಿಯೋಣ. ಮೇಷ್ಟ್ರುಗಳೇ, ವಿಜ್ಞಾನದ ಪಾಠದಲ್ಲಿ ಸುಶ್ರುತನ ಹೆಸರು ಬಂದ ದಿನ ಪುಣೆಯ ಇಟ್ಟಿಗೆಯವನ ಕತೆಯನ್ನೂ ಹೇಳಿ. ನಿಮ್ಮ ತರಗತಿಯಲ್ಲಿ ಮೊಂಡುಮೂಗ ಅನ್ನುವ ಅಡ್ಡಹೆಸರು ನಡೆಯಲು ಬಿಡಬೇಡಿ. ವಿದ್ಯಾರ್ಥಿಗಳೇ, ಮೇಲಿನ ಹಂತದ ಆ ಮುಚ್ಚಿದ ಬಾಗಿಲ ಬಗ್ಗೆ ಹಾಸ್ಟೆಲಿನಲ್ಲಿ ಚ���್ಚೆ ಎಬ್ಬಿಸಿ. ಕಾರ್ಯಕರ್ತರೇ, ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು 2006ರಲ್ಲಿ ಶುರುವಾಗಿದೆ. ಮುಖ ಕಟ್ಟುವ ತಜ್ಞ ಅಲ್ಲಿ ವಾರಕ್ಕೆ ಎಷ್ಟು ದಿನ ಇರುತ್ತಾರೆ, ಕಳೆದ ವರ್ಷ ಎಷ್ಟು ಬಡವರಿಗೆ ಮೂಗು ಕಟ್ಟಿದರು, ಎಷ್ಟು ಜನರನ್ನು ಬೆಂಗಳೂರಿಗೆ ಸಾಗಹಾಕಿದರು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿಗೆ ಹತ್ತು ರೂಪಾಯಿ, ಬಿಪಿಎಲ್ ಕಾರ್ಡು ಇದ್ದವರಿಗೆ ಅದೂ ಇಲ್ಲ. ಬಸ್ಸು ಹೋಗದ ಎಡಕುಮೇರಿಯಲ್ಲಿ ಹಳಿ ಕಾಯುವವನ ಮುಖಕ್ಕೆ ಕಲ್ಲು ಸಿಡಿದರೆ ಅವನು ಎಷ್ಟು ಹೊತ್ತಿಗೆ ಯಾವ ಆಸ್ಪತ್ರೆ ಸೇರುತ್ತಾನೆ ಅನ್ನುವ ಪ್ರಶ್ನೆಯನ್ನೂ ಅದರಲ್ಲೇ ಬರೆಯಿರಿ.

ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತೆ ಅಂತಾರೆ ನಮ್ಮ ಹಿರಿಯರು. ಇಷ್ಟು ಕಾಲ ಅವರು ನಮ್ಮ ಮೂಗಿಗೆ ದಾರ ಹಾಕಿದರು, ಕೊಯ್ದರು, ಅಳೆದರು, ತುಪ್ಪ ಸವರಿದರು. ಈಗ ಅಧಿಕಾರದ ಮೂಗನ್ನು ನಾವು ಗಟ್ಟಿಯಾಗಿ ಹಿಡಿಯೋಣ. ಉತ್ತರ ಬರುವ ತನಕ ಬಿಡುವುದು ಬೇಡ.